ಕಾಲು ಬ್ರೆಡ್ಡಿನೊಳಗೆ ಬೀನ್ಸ್: ಡರ್ಬನ್‌ನಲ್ಲಿ ನಾನು ಬನ್ನಿ ಮಾಡಲು ಕಲಿತದ್ದು

ನಾನು ಮಾಡಿದ ಮೊದಲ ಬನ್ನಿ, ಅಂದರೆ ಬ್ರೆಡ್ಡು ಕೊರೆದು ಬೀನ್ಸ್ ಕಾಳಿನ ಕರಿ ತುಂಬಿದ ತಿಂಡಿ, ಕಾರಿನ ಸೀಟಿನ ಮೇಲೆ ಒಡೆದುಹೋಯಿತು. ಮಧ್ಯಾಹ್ನದ ಊಟಕ್ಕೆ ಅಂತ ನಮ್ಮನೆಯವರು ಅದನ್ನು ಬಂದರಿನ ಹತ್ತಿರದ ಆಫೀಸಿಗೆ ತಗೊಂಡು ಹೊರಟಿದ್ದರು. ಎರಡು ಸಿಗ್ನಲ್ ದಾಟಿರಲಿಲ್ಲ, ಫೋನ್ ಬಂತು. "ಏನೇ, ನಿನ್ನ ಬ್ರೆಡ್ಡು ಕೆಳಗಿಂದ ಸೋರ್ತಾ ಇದೆ!" ಅವರು ಗಾಡಿ ಪಕ್ಕಕ್ಕೆ ಹಾಕುವಷ್ಟರಲ್ಲಿ ಪೇಪರು, ಬ್ರೆಡ್ಡು, ಬೀನ್ಸು ಎಲ್ಲಾ ಒಂದೇ ಮುದ್ದೆ. ಸೀಟಿನ ಮೇಲೆ ಅರಿಶಿನದ ಕಲೆ. ಆ ಕಾರು ಮಾರುವವರೆಗೂ ಕಲೆ ಹೋಗಲಿಲ್ಲ.

ನಾನು ಭದ್ರಾವತಿ ಕಡೆಯವಳು. ಮದುವೆಯಾಗಿ ಕೆಲವು ವರ್ಷಕ್ಕೆ ದಕ್ಷಿಣ ಆಫ್ರಿಕಾದ ಡರ್ಬನ್‌ಗೆ ಬಂದೆವು. ಓವರ್‌ಪೋರ್ಟ್ ಎಂಬ ಬಡಾವಣೆಯಲ್ಲಿ ಬಾಡಿಗೆ ಫ್ಲಾಟು. ಬಂದ ಮೊದಲ ವಾರ ಬೀದಿ ತುದಿಯ ಅಂಗಡಿಯ ಬೋರ್ಡು ಕಣ್ಣಿಗೆ ಬಿತ್ತು. ಇಂಗ್ಲಿಷಿನಲ್ಲೇ ಬರೆದಿತ್ತು, ಆದರೆ ನನ್ನ ಬಾಯಿ ಅದನ್ನು ಕನ್ನಡದಲ್ಲಿ ಓದಿತು. "ಬನ್ನಿ." ಆಹಾ, ಎಷ್ಟು ಮರ್ಯಾದೆಯಿಂದ ಕರೀತಿದ್ದಾರೆ ಅನ್ನಿಸಿತು. ಒಳಗೆ ಹೋದರೆ ಕೂರಲು ಒಂದು ಕುರ್ಚಿಯೂ ಇಲ್ಲ. ಕೌಂಟರಿನಾಚೆ ಇದ್ದ ಹುಡುಗ "ಕ್ವಾರ್ಟರಾ, ಹಾಫಾ?" ಅಂದ. ನನಗೆ ನಮ್ಮೂರಿನ ಬೇರೆ ಥರದ ಅಂಗಡಿ ನೆನಪಾಯಿತು!

ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, "ಬನ್ನಿ ಅಂದ್ರೆ ಮೊಲ ಅಲ್ವೇನೇ? ಮೊಲ ತಿಂತಾರಾ ಅಲ್ಲಿ?" ಅಂತ ಗಾಬರಿಯಾದಳು. ಮೊಲಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಪೂರ್ತಿ ಹೆಸರು ಬನ್ನಿ ಚೌ. ಡರ್ಬನ್ನಿನವರು ಚೌ ಬಿಟ್ಟು ಬರೀ ಬನ್ನಿ ಅಂತಾರೆ. ಒಂದು ಬ್ರೆಡ್ಡನ್ನು ಅಡ್ಡಕ್ಕೆ ಕತ್ತರಿಸಿ, ತುಂಡನ್ನು ನಿಲ್ಲಿಸಿ, ಒಳಗಿನ ಮೆತ್ತನೆ ಭಾಗ ತೆಗೆದು, ಆ ಗುಳಿಯಲ್ಲಿ ಬಿಸಿ ಕರಿ ತುಂಬಿ ಕೊಡುತ್ತಾರೆ. ಅಷ್ಟೇ. ಚಿಕ್ಕವರಿದ್ದಾಗ ಅನ್ನದ ಗುಡ್ಡೆಯ ನಡುವೆ ಗುಳಿ ಮಾಡಿ ಸಾರು ಹುಯ್ಯಿಸಿಕೊಳ್ಳುತ್ತಿದ್ದೆವಲ್ಲ, ಕಟ್ಟೆ ಒಡೆಯದ ಹಾಗೆ ಬದಿಯಿಂದ ತಿನ್ನುತ್ತಿದ್ದೆವಲ್ಲ, ಅದೇ ಆಟ. ಇಲ್ಲಿ ಅನ್ನದ ಬದಲು ಬ್ರೆಡ್ಡು.

ಇಷ್ಟು ಸುಲಭ ಅಂದುಕೊಂಡೇ ನಾನು ಕೆಟ್ಟಿದ್ದು.

ಪಕ್ಕದ ಫ್ಲಾಟಿನಲ್ಲಿ ಒಬ್ಬರು ವಯಸ್ಸಾದ ಹೆಂಗಸು ಇದ್ದರು. ಡರ್ಬನ್‌ನಲ್ಲಿ ವಯಸ್ಸಾದವರನ್ನೆಲ್ಲ ಆಂಟಿ, ಅಂಕಲ್ ಅಂತಲೇ ಕರೆಯುವುದು, ಹಾಗಾಗಿ ನನಗೂ ಅವರು ಆಂಟಿ. ಅವರ ಅಜ್ಜನ ಅಪ್ಪ ಆರ್ಕಾಟ್ ಕಡೆಯಿಂದ ಹಡಗು ಹತ್ತಿ ಬಂದವರು. ಆಂಟಿಗೆ ತಮಿಳು ಬರುತ್ತಿರಲಿಲ್ಲ, ಮಾರಿಯಮ್ಮನ ಎರಡು ಹಾಡು ಮಾತ್ರ ಬರುತ್ತಿತ್ತು. ಮಾತೆಲ್ಲ ಇಂಗ್ಲಿಷಿನಲ್ಲಿ, ಆದರೆ ರಾಗ ನಮ್ಮದೇ. ಕಾರಿನ ಕಥೆ ಕೇಳಿ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಪೊಲೀಸರ ಹಾಗೆ ವಿಚಾರಣೆ ಶುರುವಾಯಿತು.

"ಯಾವ ಬ್ರೆಡ್ಡು?"

"ಸೂಪರ್‌ಮಾರ್ಕೆಟ್ಟಿನದು ಆಂಟಿ. ಹಾಲಿನ ಬ್ರೆಡ್ಡು, ತುಂಬಾ ಮೆತ್ತಗಿತ್ತು."

"ಮೆತ್ತಗಿತ್ತು!" ಹಣೆ ಚಚ್ಚಿಕೊಂಡರು. "ಕರಿ ಹೇಗಿತ್ತು?"

ಪಾತ್ರೆಯಲ್ಲಿ ಉಳಿದಿದ್ದನ್ನು ತಂದು ತೋರಿಸಿದೆ. ಸೌಟಿನಲ್ಲಿ ಎತ್ತಿ ಮೇಲಿಂದ ಬಿಟ್ಟರು. ನೀರಿನ ಹಾಗೆ ಇಳಿಯಿತು.

"ಇದು ಕುಡಿಯೋದಕ್ಕೆ ಚೆನ್ನಾಗಿದೆ ಮಗಳೇ," ಅಂದರು.

ನಾನು ಮಾಡಿದ್ದು ಕಾಳಿನ ಸಾರು. ನಮ್ಮ ಕೈಯೇ ಹಾಗೆ. ಕಾಳು ಬೇಯಿಸಿದರೆ ಕಟ್ಟು ತೆಳ್ಳಗೆ ಇರಲೇಬೇಕು, ಅನ್ನಕ್ಕೆ ಕಲಸಿದರೆ ತಟ್ಟೆಯಂಚಿಗೆ ಹರಿಯಬೇಕು. ಬನ್ನಿಗೆ ಅದು ಆಗುವುದಿಲ್ಲ. ಇಲ್ಲಿ ಬ್ರೆಡ್ಡು ಅನ್ನದ ಜಾಗದಲ್ಲಿಲ್ಲ, ತಟ್ಟೆಯ ಜಾಗದಲ್ಲಿದೆ. ತಟ್ಟೆ ತೂತಾಗಬಾರದು. ಇದೊಂದು ವಿಷಯ ತಲೆಗೆ ಹೋಗಲು ನನಗೆ ಮೂರು ಭಾನುವಾರ ಬೇಕಾಯಿತು.

ಮೊದಲು ಬ್ರೆಡ್ಡಿನ ವಿಷಯ. ಸ್ಲೈಸ್ ಮಾಡಿದ ಬ್ರೆಡ್ಡು ಬೇಡವೇ ಬೇಡ. ಇಡೀ ಬ್ರೆಡ್ಡು ಬೇಕು, ಬಿಳಿಯದು, ಚೌಕ ಇಟ್ಟಿಗೆಯ ಹಾಗಿರುವುದು. ಇಲ್ಲಿ ಮಾಮೂಲಿ ಬ್ರೆಡ್ಡು 700 ಗ್ರಾಂ ತೂಗುತ್ತದೆ. ಹಳಬರು ಅದಕ್ಕೆ ಈಗಲೂ ಸರ್ಕಾರಿ ಬ್ರೆಡ್ಡು ಅಂತಾರೆ. ನಾಲ್ಕು ಪಾಲು ಮಾಡಿದರೆ ಒಂದು ಪಾಲು ಕ್ವಾರ್ಟರ್, ಒಬ್ಬರಿಗೆ ಹೊಟ್ಟೆ ತುಂಬಾ ಊಟ. ಹಾಫ್ ತಿನ್ನುವವರು ಬೆಳಗಿನಿಂದ ಕಲ್ಲು ಹೊತ್ತಿರಬೇಕು. ಫುಲ್ ಅಂದರೆ ನಾಲ್ಕು ಜನ ಸುತ್ತ ಕೂತು ಕೀಳುವುದು. ಅಂದಿನ ಬೆಳಗಿನ ಬಿಸಿ ಬ್ರೆಡ್ಡು ಕುಸಿಯುತ್ತದೆ, ಎರಡು ದಿನ ಹಳೆಯದು ಪುಡಿಯಾಗುತ್ತದೆ. ಹಿಂದಿನ ದಿನ ಸಂಜೆ ತಂದದ್ದು ಸರಿ. ಹೊರಗಿನ ಕಂದು ಪದರವನ್ನು ಬೆರಳಿನಲ್ಲಿ ತಟ್ಟಿದರೆ ಟಪ್ ಟಪ್ ಅನ್ನಬೇಕು. ನಮ್ಮ ಅಯ್ಯಂಗಾರ್ ಬೇಕರಿಗಳಲ್ಲಿ ಸ್ಲೈಸ್ ಮಾಡದೆ ಇಟ್ಟಿರುವ ಬ್ರೆಡ್ಡು ಇದಕ್ಕೆ ಹತ್ತಿರ ಬರುತ್ತದೆ, ಸಿಹಿ ಮಾತ್ರ ಸ್ವಲ್ಪ ಜಾಸ್ತಿ.

ಇನ್ನು ಬೀನ್ಸು. ಇಲ್ಲಿ ಅದಕ್ಕೆ ಶುಗರ್ ಬೀನ್ಸ್ ಅಂತಾರೆ. ಸಿಹಿಯೇನಿಲ್ಲ. ರಾಜ್ಮಾ ಜಾತಿಯದೇ ಕಾಳು, ತಿಳಿ ಬಣ್ಣದ ಮೇಲೆ ಕೆಂಪು ಚುಕ್ಕೆ, ಗೆರೆ. ಬೆಂದರೆ ರಾಜ್ಮಾಗಿಂತ ಬೇಗ ಹಿಟ್ಟಾಗುತ್ತದೆ, ಸಿಪ್ಪೆ ತೆಳು. ಆಂಟಿ ಹೇಳಿದ ಹಾಗೆ ಮಾಡಿದ್ದು ಹೀಗೆ. ಕಾಲು ಕಿಲೋ ಬೀನ್ಸ್ ರಾತ್ರಿ ನೆನೆಹಾಕಿದೆ. ಬೆಳಿಗ್ಗೆ ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಚೆನ್ನಾಗಿ ಕುದಿಸಿ ಬೇಯಿಸಿದೆ. ನಾನು ಕುಕ್ಕರ್ ಇಡಲು ಹೋದರೆ ಬೈದರು. ಕುಕ್ಕರಿನಲ್ಲಿ ಎಲ್ಲಾ ಕಾಳೂ ಒಂದೇ ಸಮ ಬೇಯುತ್ತದೆ. ಅವರಿಗೆ ಬೇಕಿದ್ದದ್ದು ಅರ್ಧ ಕರಗಿ ಅರ್ಧ ಉಳಿದ ಕಾಳು. ಈಗ ಆಂಟಿ ನೋಡದಿದ್ದಾಗ ನಾನು ಕುಕ್ಕರೇ ಇಡುವುದು. ಆಮೇಲೆ ಎರಡು ಸೌಟು ಕಾಳನ್ನು ಪಕ್ಕಕ್ಕೆ ತೆಗೆದು ಮಸೆಯುತ್ತೇನೆ. ಫಲ ಒಂದೇ.

ಒಗ್ಗರಣೆಗೆ ಎಣ್ಣೆ ಧಾರಾಳ. ಡರ್ಬನ್ ಕರಿಯ ಗುರುತೇ ಮೇಲೆ ತೇಲುವ ಕೆಂಪು ಎಣ್ಣೆ. ಜೀರಿಗೆ, ಒಂದು ಚಕ್ಕೆ, ಎರಡು ಒಣಮೆಣಸಿನಕಾಯಿ, ಎರಡು ಕಡ್ಡಿ ಕರಿಬೇವು. ಕರಿಬೇವಿಗೆ ಇಲ್ಲಿ ಬರ ಇಲ್ಲ, ಭಾರತೀಯರ ಮನೆ ಹಿತ್ತಲಲ್ಲೆಲ್ಲ ಗಿಡ ಇದೆ. ಈರುಳ್ಳಿ ಕೆಂಪಗಾದ ಮೇಲೆ ಶುಂಠಿ ಬೆಳ್ಳುಳ್ಳಿ. ಆಮೇಲೆ ಮಸಾಲೆ ಪುಡಿ ನೇರವಾಗಿ ಬಿಸಿ ಎಣ್ಣೆಗೆ. ಇಲ್ಲಿ ಕೈ ಚುರುಕಾಗಿರಬೇಕು. ಪುಡಿ ಬಿದ್ದು ಹತ್ತು ಎಣಿಸುವುದರೊಳಗೆ ಟೊಮೆಟೊ ಬೀಳಬೇಕು. ತಡವಾದರೆ ಮಸಾಲೆ ಕಹಿ, ಮನೆಯವರಿಗೆಲ್ಲ ಕೆಮ್ಮು. ಟೊಮೆಟೊ ಕರಗಿ ಎಣ್ಣೆ ಬಿಟ್ಟ ಮೇಲೆ ದಪ್ಪ ಹೋಳಿನ ಆಲೂಗಡ್ಡೆ, ಬೀನ್ಸು, ಉಪ್ಪು, ಸ್ವಲ್ಪ ಕಟ್ಟು.

ನನಗೆ ಆಶ್ಚರ್ಯವಾದದ್ದು ಥೈಮ್. ಯುರೋಪಿನವರ ಅಡುಗೆಯ ಸೊಪ್ಪು ಅದು. ಡರ್ಬನ್ನಿನ ಭಾರತೀಯರು ಅದನ್ನು ಬೇಳೆಗೂ ಬೀನ್ಸಿಗೂ ಹಾಕುತ್ತಾರೆ. ಎರಡು ಕಡ್ಡಿ ಹಾಕಿದರೆ ಸಾಕು. ಕರಿಬೇವಿನ ಪಕ್ಕದಲ್ಲಿ ಅದು ಹೊಸ ಸೊಸೆಯ ಹಾಗೆ ಮೆಲ್ಲಗೆ ಇರುತ್ತದೆ, ಆದರೆ ಇಲ್ಲದಿದ್ದರೆ ಗೊತ್ತಾಗುತ್ತದೆ. ತೆಂಗಿನಕಾಯಿ ಹಾಕಲೇ ಅಂದೆ. "ಅದು ನಿಮ್ಮ ಊರಿನ ಚಾಳಿ, ಇಲ್ಲಿ ಬೇಡ," ಅಂದರು ಆಂಟಿ.

ಕೊನೆಯ ಕಾಲು ಗಂಟೆಯೇ ಮುಖ್ಯ. ಉರಿ ಸಣ್ಣ ಮಾಡಿ, ಮುಚ್ಚಳ ತೆಗೆದು, ಆಗಾಗ ಸೌಟಿನ ಹಿಂಭಾಗದಿಂದ ಬದಿಯ ಕಾಳುಗಳನ್ನು ಒತ್ತಬೇಕು. ಆಲೂಗಡ್ಡೆಯ ಅಂಚು ಸವೆಯಬೇಕು. ಸೌಟಿನಿಂದ ಬಿಟ್ಟರೆ ದೊಪ್ಪೆಂದು ಬೀಳಬೇಕು, ಹರಿಯಬಾರದು. ನಮ್ಮ ಗೊಜ್ಜಿಗಿಂತ ಸ್ವಲ್ಪ ಸಡಿಲ, ಹುಳಿಗಿಂತ ಬಹಳ ಮಂದ. ಆಮೇಲೆ ಒಲೆ ಆರಿಸಿ ಅರ್ಧ ಗಂಟೆ ಬಿಡಬೇಕು. ಕುದಿಕುದಿಯುವ ಕರಿ ಹಾಕಿದರೆ ಬ್ರೆಡ್ಡಿಗೆ ಹಬೆ ಹೊಡೆದು ಗೋಡೆ ಒದ್ದೆಯಾಗುತ್ತದೆ. ಅವತ್ತು ಕಾರಿನಲ್ಲಿ ಆದದ್ದು ಇದೂ ಹೌದು.

ಮಸಾಲೆ ಪುಡಿಗಾಗಿ ಆಂಟಿ ನನ್ನನ್ನು ವಿಕ್ಟೋರಿಯಾ ಸ್ಟ್ರೀಟ್ ಮಾರ್ಕೆಟ್ಟಿಗೆ ಕರೆದುಕೊಂಡು ಹೋದರು. ಹಳೆಯ ಮಾರ್ಕೆಟ್ಟು 1973ರಲ್ಲಿ ಬೆಂಕಿಗೆ ಸುಟ್ಟುಹೋಯಿತು, ಈಗಿರುವುದು ಆಮೇಲಿನ ಕಟ್ಟಡ. ಒಳಗೆ ಮಸಾಲೆಗಳ ಗುಡ್ಡೆ, ಕೆಂಪು, ಕಿತ್ತಳೆ, ಹಳದಿ, ಗೋಪುರದ ಹಾಗೆ ಜೋಡಿಸಿಟ್ಟಿರುತ್ತಾರೆ. ಒಂದು ಗುಡ್ಡೆಯ ಮೇಲೆ ಚೀಟಿ: ಮದರ್ ಇನ್ ಲಾ ಎಕ್ಸ್‌ಟರ್ಮಿನೇಟರ್. ಅತ್ತೆಯನ್ನು ಮುಗಿಸುವ ಪುಡಿ! ಅಷ್ಟು ಖಾರ ಅಂತ. ಒಂದು ನೂರು ಗ್ರಾಂ ಕಟ್ಟಿಸಿ ಊರಿಗೆ ಹೋದಾಗ ಅತ್ತೆಗೇ ಕೊಟ್ಟೆ. ಹೆಸರು ಹೇಳಲಿಲ್ಲ.

ಮಾರ್ಕೆಟ್ಟಿನಿಂದ ಆಂಟಿ ನನ್ನನ್ನು ಹಳೆಯ ಗ್ರೇ ಸ್ಟ್ರೀಟಿನ ಕಡೆ ನಡೆಸಿದರು. ಈಗ ಅದರ ಹೆಸರು ಡಾಕ್ಟರ್ ಯೂಸುಫ್ ದಾದೂ ಸ್ಟ್ರೀಟ್. ಜುಮ್ಮಾ ಮಸೀದಿ ಇರುವ ರಸ್ತೆ. ಬನ್ನಿಯ ಹುಟ್ಟೂರು ಅಂದರೆ ಇದೇ ಸುತ್ತಮುತ್ತ. ಅವತ್ತು ಅವರು ಹೇಳಿದ್ದು, ನಾನು ಆಮೇಲೆ ಓದಿ ತಿಳಿದದ್ದು ಎರಡನ್ನೂ ಸೇರಿಸಿ ಹೇಳುತ್ತೇನೆ.

1860ರ ನವೆಂಬರ್ 16ರಂದು ಮದ್ರಾಸಿನಿಂದ ಹೊರಟ ಟ್ರೂರೋ ಎಂಬ ಹಡಗು ಡರ್ಬನ್ ಬಂದರಿಗೆ ಬಂತು. ಸ್ವಲ್ಪ ದಿನಕ್ಕೆ ಕಲ್ಕತ್ತೆಯಿಂದ ಬೆಲ್ವಿಡೇರ್ ಬಂತು. ಕಬ್ಬಿನ ತೋಟಗಳಿಗೆ ಕೂಲಿಗಳು ಬೇಕಾಗಿದ್ದರು. 1911ರಲ್ಲಿ ಇದು ನಿಲ್ಲುವವರೆಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಹೀಗೆ ಕರಾರಿನ ಮೇಲೆ ಬಂದರು. ಅಗ್ರಿಮೆಂಟ್ ಎಂಬ ಪದ ಅವರ ಬಾಯಲ್ಲಿ ಗಿರ್ಮಿಟ್ ಆಯಿತು. ಈ ಗಿರ್ಮಿಟ್‌ಗೂ ಮಂಡಕ್ಕಿ ಹಾಕಿ ಮಾಡುವ ನಮ್ಮ ಹುಬ್ಬಳ್ಳಿಯ ಗಿರ್ಮಿಟ್‌ಗೂ ಸಂಬಂಧ ಕಲ್ಪಿಸಬೇಡಿ. ಇದು ಬೆನ್ನು ಮುರಿಯುವ ಗಿರ್ಮಿಟ್. ಕೂಲಿಗಳ ಹಿಂದೆಯೇ ಸ್ವಂತ ದುಡ್ಡಿನಲ್ಲಿ ಟಿಕೆಟ್ ತೆಗೆದು ವ್ಯಾಪಾರಿಗಳೂ ಬಂದರು, ಅವರಲ್ಲಿ ಗುಜರಾತಿನವರೇ ಹೆಚ್ಚು. ಗ್ರೇ ಸ್ಟ್ರೀಟಿನಲ್ಲಿ ಬಟ್ಟೆ ಅಂಗಡಿ, ದಿನಸಿ ಅಂಗಡಿ, ಊಟದ ಅಂಗಡಿ ಇಟ್ಟರು. ಜನ ಅವರನ್ನು ಬನಿಯಾ ಅಂತ ಕರೆದರು. ಬನಿಯಾಗಳ ಊಟ, ಬನಿಯಾ ಚೌ, ಬಾಯಿಂದ ಬಾಯಿಗೆ ಬನ್ನಿ ಚೌ ಆಯಿತು ಅನ್ನುವುದು ಹೆಚ್ಚು ಜನ ಒಪ್ಪುವ ಮಾತು. ನಮ್ಮವರು ಹೆಸರಿಟ್ಟಿದ್ದರೆ "ಶೆಟ್ಟರ ಬ್ರೆಡ್ಡು" ಅನ್ನುತ್ತಿದ್ದೆವೇನೋ.

ಆದರೆ ಊಟವನ್ನು ಬ್ರೆಡ್ಡಿನೊಳಗೆ ಹಾಕಿದ್ದು ಯಾಕೆ? ಇದಕ್ಕೆ ಡರ್ಬನ್‌ನಲ್ಲಿ ಒಬ್ಬೊಬ್ಬರದು ಒಂದೊಂದು ಕಥೆ. ಕಬ್ಬಿನ ಗದ್ದೆಗೆ ಬುತ್ತಿ ಒಯ್ಯಲು ಕೂಲಿಗಳೇ ಮಾಡಿಕೊಂಡರು ಅನ್ನುವುದು ಒಂದು. ಕೇಳಲು ಚೆನ್ನಾಗಿದೆ, ಆದರೆ ನನಗೆ ನಂಬಿಕೆ ಬರುವುದಿಲ್ಲ. ಕೂಲಿಗಳಿಗೆ ಪಡಿಯಲ್ಲಿ ಸಿಗುತ್ತಿದ್ದದ್ದು ಅಕ್ಕಿ, ಬೇಳೆ, ಉಪ್ಪು, ಒಣಮೀನಿನಂಥದ್ದು, ಮುಂದೆ ಮೆಕ್ಕೆಜೋಳದ ಹಿಟ್ಟು. ಲೈನ್‌ಮನೆಯಲ್ಲಿ ಬ್ರೆಡ್ಡು ಸುಡುವ ಒಲೆ ಎಲ್ಲಿಂದ ಬಂತು? ಇನ್ನೊಂದು ಕಥೆ ರಾಯಲ್ ಡರ್ಬನ್ ಗಾಲ್ಫ್ ಮೈದಾನದ ಕ್ಯಾಡಿಗಳದು, ಅಂದರೆ ಆಟಗಾರರ ಚೀಲ ಹೊರುವವರದು. ಗ್ರೇ ಸ್ಟ್ರೀಟಿಗೆ ಹೋಗಿ ತಿಂದು ಬರಲು ಅವರಿಗೆ ಬಿಡುವು ಇರುತ್ತಿರಲಿಲ್ಲ. ಗೆಳೆಯರ ಕೈಯಲ್ಲಿ ತರಿಸಿಕೊಂಡರೆ ಹಾಕಿಕೊಡಲು ಡಬ್ಬಿ ಇಲ್ಲ. ಅದಕ್ಕೆ ಬ್ರೆಡ್ಡು ಕೊರೆದರು. ಇದು ಆಗಿರಬಹುದಾದ್ದೇ.

ಮೂರನೆಯದು ಆಂಟಿ ಹೇಳಿದ್ದು, ಡರ್ಬನ್ನಿನಲ್ಲಿ ಹೆಚ್ಚಾಗಿ ಕೇಳಿಬರುವುದೂ ಹೌದು. ಈ ಬೀದಿಯ ಕಪಿತಾನ್ ಹೆಸರಿನ ಸಸ್ಯಾಹಾರಿ ಹೋಟೆಲಿನಂಥ ಕಡೆಗಳಲ್ಲಿ ಭಾರತೀಯರು ಒಳಗೆ ಕೂತು ಬೀನ್ಸ್ ಕರಿ, ರೊಟ್ಟಿ ತಿನ್ನುತ್ತಿದ್ದರು. ಕಪ್ಪು ಜನರಿಗೆ ಒಳಗೆ ಕೂರಲು ಬಿಡುತ್ತಿರಲಿಲ್ಲ. ಬಣ್ಣ ನೋಡಿ ಬಾಗಿಲು ತೆರೆಯುವ ಕಾಲ ಅದು. 1948ರಲ್ಲಿ ಜನರನ್ನು ಬಣ್ಣದ ಮೇಲೆ ಬೇರ್ಪಡಿಸುವ ಅಪಾರ್ತೈಡ್ ಸರ್ಕಾರ ಬಂತು, 1953ರಲ್ಲಿ ಬೆಂಚಿನಿಂದ ಹಿಡಿದು ಬಸ್ಸಿನವರೆಗೆ ಬೇರೆ ಬೇರೆ ಮಾಡುವ ಕಾಯ್ದೆಯನ್ನೇ ತಂದರು. ಹೋಟೆಲಿನವರು ಹಿಂದಿನ ಕಿಟಕಿಯಿಂದ ಅವರಿಗೆ ಮಾರಿದರು. ತೆಳು ರೊಟ್ಟಿಯಲ್ಲಿ ಸುತ್ತಿದರೆ ಬೀನ್ಸು ಸೋರುತ್ತದೆ. ತಟ್ಟೆ ಕೊಟ್ಟರೆ ವಾಪಸ್ ಬರಬೇಕು. ಬ್ರೆಡ್ಡು ಕೊರೆದು ತುಂಬಿಕೊಟ್ಟರೆ ತಟ್ಟೆಯೂ ಅದೇ, ರೊಟ್ಟಿಯೂ ಅದೇ, ಚಮಚವೂ ಅದೇ. ತಿಂದು ಮುಗಿದ ಮೇಲೆ ತೊಳೆಯಲು ಏನೂ ಉಳಿಯುವುದಿಲ್ಲ.

ಅವತ್ತು ಫುಟ್‌ಪಾತಿನಲ್ಲಿ ನಿಂತು ನನಗೆ ಆ ಮೊದಲ ದಿನದ ಬೋರ್ಡು ನೆನಪಾಯಿತು. ಕನ್ನಡದಲ್ಲಿ ಬನ್ನಿ ಅಂದರೆ ಒಳಗೆ ಕರೆಯುವ ಮಾತು. ಈ ತಿಂಡಿ ಹುಟ್ಟಿದ್ದೇ ಒಳಗೆ ಕರೆಯದವರಿಗಾಗಿ. ಆಂಟಿಗೆ ಇದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮವರೂ ಅದರಲ್ಲಿ ಪಾಲುದಾರರೇ, ಮಗಳೇ. ಕಿಟಕಿ ಇಟ್ಟವರು ನಾವೇ ತಾನೇ," ಅಂದರು. ಅವರದೇ ಮನೆಯವರನ್ನು ಕೇಟೋ ಮೇನರ್‌ನಿಂದ ಎಬ್ಬಿಸಿ ಚಾಟ್ಸ್‌ವರ್ತ್‌ಗೆ ಕಳಿಸಿದ್ದರು. 1950ರ ಗ್ರೂಪ್ ಏರಿಯಾಸ್ ಕಾಯ್ದೆಯ ಪ್ರಕಾರ ಯಾವ ಬಣ್ಣದವರು ಎಲ್ಲಿ ಇರಬೇಕು ಅಂತ ಸರ್ಕಾರ ಗೆರೆ ಎಳೆದಿತ್ತು. ಆಗ ಆಂಟಿ ಶಾಲೆಗೆ ಹೋಗುವ ಹುಡುಗಿ. ಹಿತ್ತಲಿನ ಕರಿಬೇವಿನ ಗಿಡದ ಒಂದು ಕೂಸನ್ನು ಅವರಮ್ಮ ಡಬ್ಬದಲ್ಲಿ ನೆಟ್ಟು ಹೊತ್ತುಕೊಂಡು ಹೋದರಂತೆ. ನನ್ನ ಒಗ್ಗರಣೆಗೆ ಬೀಳುವ ಕರಿಬೇವು ಆ ಗಿಡದ ಸಂತಾನದ್ದು.

ಈಗ ಕೊರೆಯುವ ವಿಷಯ. ಬ್ರೆಡ್ಡನ್ನು ಮಧ್ಯಕ್ಕೆ ಅಡ್ಡ ಕತ್ತರಿಸಿದರೆ ಎರಡು ಹಾಫ್. ಪ್ರತಿ ಹಾಫನ್ನು ಮತ್ತೆ ಅಡ್ಡ ಕತ್ತರಿಸಿದರೆ ನಾಲ್ಕು ಕ್ವಾರ್ಟರ್. ಇದರಲ್ಲಿ ಎರಡು ತುದಿಯ ತುಂಡು, ಎರಡು ನಡುವಿನ ತುಂಡು. ತುದಿಯ ತುಂಡನ್ನು ನಿಲ್ಲಿಸಿದರೆ ತಳದಲ್ಲಿ ಕಂದು ಪದರ ಇರುತ್ತದೆ, ಗಟ್ಟಿ ಪಾತ್ರೆ. ನಡುವಿನ ತುಂಡಿಗೆ ನಾಲ್ಕು ಗೋಡೆ ಇದೆ, ತಳ ಇಲ್ಲ. ನಾನು ಕಾರಿಗೆ ಕೊಟ್ಟು ಕಳಿಸಿದ್ದು ನಡುವಿನ ತುಂಡು, ಅದೂ ತಳದವರೆಗೆ ಕೊರೆದದ್ದು! ನಡುವಿನದಾದರೆ ತಳದಲ್ಲಿ ಎರಡು ಬೆರಳು ದಪ್ಪ ಬ್ರೆಡ್ಡು ಬಿಡಬೇಕು, ಅದನ್ನು ಸೌಟಿನಿಂದ ಮೆಲ್ಲಗೆ ಒತ್ತಿ ಬಿಗಿ ಮಾಡಬೇಕು.

ಕೊರೆಯಲು ಚಾಕು ಒಂದು ಸುತ್ತು ಮಾತ್ರ, ಗೋಡೆಗೆ ಅರ್ಧ ಬೆರಳು ಬಿಟ್ಟು. ಆಮೇಲೆ ಕೈಯಿಂದ ಒಂದೇ ಸಲಕ್ಕೆ ಎಳೆದರೆ ಒಳಗಿನ ಹಿಟ್ಟು ಹತ್ತಿಯ ಉಂಡೆಯ ಹಾಗೆ ಇಡಿಯಾಗಿ ಬರುತ್ತದೆ. ಚೂರುಚೂರಾಗಿ ಕಿತ್ತರೆ ಆಂಟಿಗೆ ಆಗುವುದಿಲ್ಲ. ಯಾಕೆಂದರೆ ಆ ಉಂಡೆಯನ್ನು ಎಸೆಯುವ ಹಾಗಿಲ್ಲ. ಕರಿ ತುಂಬಿದ ಮೇಲೆ ಅದನ್ನೇ ಮುಚ್ಚಳದ ಹಾಗೆ ಮೇಲೆ ಕೂರಿಸಿ ಕೊಡಬೇಕು. ಅದಕ್ಕೆ ಇಲ್ಲಿ ವರ್ಜಿನ್ ಅಂತ ಹೆಸರು. ಆ ಹೆಸರು ಯಾಕೆ ಅಂತ ಆಂಟಿಯನ್ನು ಕೇಳಿದೆ, ನಾಚಿಕೊಂಡು ಮಾತು ಬದಲಿಸಿದರು.

ತುಂಬುವಾಗ ಮೊದಲು ಆಲೂಗಡ್ಡೆ ಹೋಳು ಎರಡು ತಳಕ್ಕೆ, ಅದರ ಮೇಲೆ ಕಾಳು, ಕೊನೆಯಲ್ಲಿ ಸ್ವಲ್ಪ ಗ್ರೇವಿ. ಆಲೂಗಡ್ಡೆ ತಳದ ಕಾವಲುಗಾರ. ಗ್ರೇವಿ ಮೊದಲು ಹೋದರೆ ಕಥೆ ಮುಗಿಯಿತು. ಪಕ್ಕಕ್ಕೆ ಸಾಂಬಾಲ್ ಕೊಡಬೇಕು. ಹೆಸರು ಕೇಳಿ ಸಾಂಬಾರ್ ಅಂದುಕೊಳ್ಳಬೇಡಿ. ಕ್ಯಾರೆಟ್ ತುರಿ, ತೆಳ್ಳಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ವಿನೆಗರ್, ಉಪ್ಪು. ಬೇಳೆ ಇಲ್ಲದ ಕೋಸಂಬರಿ ಅಂದರೆ ಸರಿಹೋಗುತ್ತದೆ. ನಾನು ವಿನೆಗರ್ ಬದಲು ನಿಂಬೆಹಣ್ಣು ಹಿಂಡುತ್ತೇನೆ, ಆಂಟಿ ಒಪ್ಪಿಕೊಂಡ ನನ್ನ ಒಂದೇ ತಿದ್ದುಪಡಿ ಅದು.

ತಿನ್ನುವುದಕ್ಕೂ ಕ್ರಮ ಇದೆ. ಚಮಚ, ಫೋರ್ಕ್ ಕೇಳಿದರೆ ಹೊರಗಿನವರು ಅಂತ ತಕ್ಷಣ ಗೊತ್ತಾಗುತ್ತದೆ. ಮೊದಲು ವರ್ಜಿನ್ ಮುರಿದು ಗ್ರೇವಿಯಲ್ಲಿ ಅದ್ದಿ ತಿನ್ನಬೇಕು. ಒಳಗಿನ ಮಟ್ಟ ಇಳಿದ ಹಾಗೆ ಗೋಡೆಯನ್ನು ಮೇಲಿನಿಂದ ಚೂರುಚೂರೇ ಕೀಳುತ್ತಾ ಬರಬೇಕು. ಗ್ರೇವಿಯ ಮಟ್ಟಕ್ಕಿಂತ ಕೆಳಗೆ ಕೈ ಹಾಕಬಾರದು. ಹಾಕಿದರೆ ಕೆರೆ ಕೋಡಿ ಒಡೆದ ಹಾಗೆ! ಕೊನೆಯಲ್ಲಿ ತಳ ಉಳಿಯುತ್ತದೆ, ಮಸಾಲೆಯೆಲ್ಲ ಹೀರಿ ಕೆಂಪಾಗಿರುತ್ತದೆ. ನನ್ನನ್ನು ಕೇಳಿದರೆ ಬನ್ನಿ ತಿನ್ನುವುದೇ ಆ ತಳಕ್ಕಾಗಿ. ಮಟನ್ ಬನ್ನಿಯೇ ಈಗ ಎಲ್ಲ ಕಡೆ ಜಾಸ್ತಿ ಓಡುವುದು, ಕೋಳಿ, ಖೀಮಾ ಕೂಡ ಇದೆ. ನಾನು ಸಸ್ಯಾಹಾರಿ, ಹಾಗಾಗಿ ಅದರ ಬಗ್ಗೆ ಮಾತಾಡುವುದಿಲ್ಲ. ಆದರೆ ಬೀನ್ಸ್ ಬನ್ನಿಯನ್ನು ಮಾಂಸ ಸಿಗದವರ ಊಟ ಅಂತ ನೋಡುವುದು ಸರಿಯಲ್ಲ. ಶುರುವಾದದ್ದೇ ಬೀನ್ಸಿನಿಂದ.

ಎರಡು ವರ್ಷ ಮನೆಯಲ್ಲಿ ಮಾಡಿ ಕೈ ಕುದುರಿದ ಮೇಲೆ ಆಂಟಿ ನನ್ನನ್ನು ಸಿಕ್ಕಿಸಿಹಾಕಿದರು. ಅವರ ದೇವಸ್ಥಾನದ ಚಾವಣಿ ರಿಪೇರಿಗೆ ದುಡ್ಡು ಬೇಕಿತ್ತು. ಇಲ್ಲಿ ದೇವಸ್ಥಾನ, ಶಾಲೆಯವರು ದುಡ್ಡು ಕೂಡಿಸಲು ಬಿರಿಯಾನಿ ಮಾರುತ್ತಾರೆ, ಬನ್ನಿ ಮಾರುತ್ತಾರೆ. "60 ಕ್ವಾರ್ಟರ್ ಬೀನ್ಸ್, ನೀನೇ ಮಾಡ್ತೀಯ ಅಂತ ಹೇಳಿಬಿಟ್ಟಿದ್ದೀನಿ," ಅಂದರು. ಅದು ಜುಲೈ ಕೊನೆ, ತಮಿಳರ ಆಡಿ ತಿಂಗಳು. ಆ ತಿಂಗಳು ಇಲ್ಲಿನ ಮಾರಿಯಮ್ಮನ ಗುಡಿಗಳಲ್ಲಿ ಗಂಜಿ ಹಂಚುವ ಪೂಜೆ ನಡೆಯುತ್ತದೆ, ಅದನ್ನು ಪಾರಿಜ್ ಪ್ರೇಯರ್ ಅಂತಾರೆ. ನಮ್ಮ ಕಡೆ ಮಾರಮ್ಮನಿಗೆ ಅಂಬಲಿ ಇಡುತ್ತಾರಲ್ಲ, ಹಾಗೆ. ಜನ ಹೇಗೂ ಬರುತ್ತಾರೆ.

60 ಕ್ವಾರ್ಟರ್ ಅಂದರೆ 15 ಬ್ರೆಡ್ಡು. ಒಂದು ಕ್ವಾರ್ಟರಿಗೆ ಕಾಲು ಕಿಲೋ ಕರಿ ಲೆಕ್ಕ ಹಾಕಿದರೆ ಒಟ್ಟು 15 ಕಿಲೋ. ಮೂರೂವರೆ ಕಿಲೋ ಒಣ ಬೀನ್ಸು, ಮೂರು ಕಿಲೋ ಆಲೂಗಡ್ಡೆ, ಎರಡು ಕಿಲೋ ಟೊಮೆಟೊ, ಒಂದೂವರೆ ಕಿಲೋ ಈರುಳ್ಳಿ. ಬೀನ್ಸು ನೆನೆದು ಬೆಂದ ಮೇಲೆ ಎರಡೂವರೆ ಪಟ್ಟು ತೂಗುತ್ತದೆ, ಅದು ಗೊತ್ತಿಲ್ಲದಿದ್ದರೆ ಏಳು ಕಿಲೋ ನೆನೆಹಾಕಿ ಊರಿಗೆಲ್ಲ ಹಂಚಬೇಕಾಗುತ್ತಿತ್ತು. ದೇವಸ್ಥಾನದ ಹಿಂದೆ ಗ್ಯಾಸ್ ಒಲೆ, ದೊಡ್ಡ ಪಾತ್ರೆ, ನಮ್ಮಲ್ಲಿ ಮದುವೆ ಹುಳಿ ಮಾಡುವಂಥದ್ದು. ಮಸಾಲೆಯನ್ನು ಹದಿನಾಲ್ಕು ಪಟ್ಟು ಹಾಕಲು ಹೋಗಬೇಡಿ, ಖಾರ ಕೈಮೀರುತ್ತದೆ. ಲೆಕ್ಕಕ್ಕೆ ಬಂದದ್ದರಲ್ಲಿ ಮುಕ್ಕಾಲು ಹಾಕಿ, ರುಚಿ ನೋಡಿ, ಆಮೇಲೆ ಸೇರಿಸಿದೆ.

ಕರಿ ಚೆನ್ನಾಗಿ ಬಂತು. ಎಡವಟ್ಟಾದದ್ದು ಬ್ರೆಡ್ಡಿನಲ್ಲಿ. ಬೇಕರಿಯವನು ಹಿಂದಿನ ಸಂಜೆ ತರುತ್ತೇನೆ ಅಂದವನು ಅವತ್ತೇ ಬೆಳಿಗ್ಗೆ ತಂದ. ಕೈಯಿಟ್ಟರೆ ಇನ್ನೂ ಬೆಚ್ಚಗಿದೆ! ನಾನು ಅಳುವುದೊಂದು ಬಾಕಿ. ಆಂಟಿ ನಮ್ಮೆಲ್ಲರ ಕೈಯಲ್ಲಿ ಹದಿನೈದನ್ನೂ ಕತ್ತರಿಸಿ, ಕೊರೆಸಿ, ಟೇಬಲ್ಲಿನ ಮೇಲೆ ಬಾಯಿ ಮೇಲೆ ಮಾಡಿ ಸಾಲಾಗಿ ನಿಲ್ಲಿಸಿಬಿಟ್ಟರು. ಫ್ಯಾನ್ ಹಾಕಿದರು. ಒಂದು ಗಂಟೆ ಗಾಳಿಗೆ ಒಳಗಿನ ಗೋಡೆ ಒಣಗಿ ಮೇಲೆ ತೆಳ್ಳಗೆ ಚರ್ಮ ಕಟ್ಟಿದ ಹಾಗಾಯಿತು. ಈಗ ನಾನು ಹಳೆಯ ಬ್ರೆಡ್ಡಿಗೂ ಹಾಗೇ ಹತ್ತು ನಿಮಿಷ ಗಾಳಿ ಕೊಡುತ್ತೇನೆ.

ತುಂಬುವಾಗ ಒಬ್ಬರು ಕೊರೆದದ್ದನ್ನು ಎತ್ತಿಕೊಡುವುದು, ಒಬ್ಬರು ಆಲೂಗಡ್ಡೆ ಇಡುವುದು, ನಾನು ಸೌಟು, ಆಂಟಿ ಬಿಳಿ ಪೇಪರಿನಲ್ಲಿ ಸುತ್ತುವುದು. ಸುತ್ತುವುದೂ ಒಂದು ವಿದ್ಯೆ. ಬಿಗಿಯಾಗಿ ಸುತ್ತಿದರೆ ಆ ಪೇಪರೇ ಗೋಡೆಯನ್ನು ಹಿಡಿದಿಡುತ್ತದೆ. ನಾವು ಬಾಳೆಲೆಯಲ್ಲಿ ಹೂವು ಕಟ್ಟುವ ಹಾಗೆ ಅವರು ತಳ ಮಡಚಿ, ಬದಿ ಒತ್ತಿ, ಮೇಲೆ ವರ್ಜಿನ್ ಕಾಣುವಂತೆ ಬಿಡುತ್ತಿದ್ದರು. ಸಾಲಿನಲ್ಲಿ ನಿಂತವರು "ತುದಿಯದು ಕೊಡಿ, ತುದಿಯದು ಕೊಡಿ" ಅನ್ನುತ್ತಿದ್ದರು. ತಳ ಇರುವ ತುಂಡಿನ ಬೆಲೆ ಎಲ್ಲರಿಗೂ ಗೊತ್ತು. 30 ತುದಿ ಮುಗಿದ ಮೇಲೆ ನಡುವಿನದನ್ನು ಕೊಡುವಾಗ ನನ್ನ ಎದೆ ಡವಡವ. ಜೋಹಾನ್ಸ್‌ಬರ್ಗಿನಿಂದ ಬಂದಿದ್ದ ಒಬ್ಬ ಜುಲು ಹುಡುಗ "ನಮ್ಮ ಕಡೆ ಇದಕ್ಕೆ ಕೋಟಾ ಅಂತೀವಿ" ಅಂದ. ಕ್ವಾರ್ಟರ್ ಪದವೇ ಅಲ್ಲಿ ಕೋಟಾ ಆಗಿದೆ. ಒಳಗೆ ಕರಿ ಬದಲು ಚಿಪ್ಸ್, ಸಾಸೇಜ್, ಚೀಸ್ ತುರುಕುತ್ತಾರಂತೆ. ಆಂಟಿ ಮುಖ ಸಿಂಡರಿಸಿ, "ಅದು ಸ್ಯಾಂಡ್‌ವಿಚ್ಚು," ಅಂತ ತಳ್ಳಿಹಾಕಿದರು. ಅವನು ನಗುತ್ತಾ ಎರಡು ಕ್ವಾರ್ಟರ್ ತಗೊಂಡು ಗುಡಿಯ ಜಗಲಿಯ ಮೇಲೆಯೇ ಕೂತು ತಿಂದ. 60ರಲ್ಲಿ ಒಡೆದದ್ದು ಎರಡು. ಎರಡೂ ನಡುವಿನದು, ಎರಡೂ ನಾನು ಕೊರೆದದ್ದು.

ಕಳೆದ ವರ್ಷ ಅಮ್ಮ ಬಂದಿದ್ದಳು. ಬ್ರೆಡ್ಡಿನೊಳಗೆ ಹುಳಿ ಹೊಯ್ದು ಕೊಡುತ್ತಾರಾ ಅಂತ ಮೂಗು ಮುರಿದಳು. ತಟ್ಟೆಯಲ್ಲಿಟ್ಟು ಕೊಟ್ಟರೆ ಮೊದಲು ವರ್ಜಿನ್ ತೆಗೆದು ಪಕ್ಕಕ್ಕಿಟ್ಟಳು, ಆಮೇಲೆ ಅದ್ದಿದಳು, ಆಮೇಲೆ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಅವಳೇ ಅಲಸಂದೆ ಕಾಳು ಬೇಯಿಸಿ, ಕಾಯಿ ರುಬ್ಬಿ ಹಾಕಿ, ಮಂದಗೆ ಒಂದು ಗೊಜ್ಜು ಮಾಡಿ, "ಇದನ್ನ ಹಾಕಿ ನೋಡೋಣ, ನಿಲ್ಲುತ್ತಾ?" ಅಂದಳು. ತುದಿಯ ತುಂಡು ಕೊರೆದು ಕೊಟ್ಟೆ. ನಿಂತಿತು. ಒಂದನ್ನು ಪೇಪರಿನಲ್ಲಿ ಸುತ್ತಿ ಆಂಟಿಗೆ ಒಯ್ದೆ. ಅವರು ಗೋಡೆ ಕೀಳುತ್ತಾ, ಗ್ರೇವಿಯ ಮಟ್ಟ ನೋಡುತ್ತಾ, ತಳದವರೆಗೂ ತಿಂದರು. ಪೇಪರು ಮಡಚಿಟ್ಟು, "ತೆಂಗಿನಕಾಯಿ ಹಾಕಿದ್ದೀಯ," ಅಂದರು.

"ಅಮ್ಮ ಹಾಕಿದ್ದು ಆಂಟಿ."

"ಹೂಂ. ನಾಳೆಗೆ ಹಾಫ್ ಕಳಿಸು ಅಂತ ಹೇಳು."